ನೀರು ಹಾಕಿದ ಮೇಲೆ ಬಂದ ಜ್ವರ

ಮೊನ್ನೆ ನಿಮ್ಮಲ್ಲಿ ಚಿಕ್ಕವಳಿಗೆ ಜ್ವರ ಬಿಟ್ಟು, ಮಧ್ಯಾಹ್ನ ಬೋರಲಾಗಿ ಮಲಗಿದ್ದಾಗ ನಾನು ಸದ್ದಿಲ್ಲದೆ ಹೋಗಿ ಅವಳ ಬೆನ್ನಿಗೆ ಕಿವಿ ಇಟ್ಟೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನೀವಿಬ್ಬರೂ ಕಿಸಕ್ಕನೆ ನಕ್ಕಿರಿ. "ಅಜ್ಜಿ, ಯಾವ ಸ್ಟೇಷನ್ ಬರ್ತಾ ಇದೆ? ವಾರ್ತೆನಾ, ಚಿತ್ರಗೀತೆನಾ?" ಅಂತ ದೊಡ್ಡವನು ಕೇಳಿದ. ನಾನು ನಾಚಿಕೊಂಡು ಎದ್ದು ಅಡುಗೆಮನೆಗೆ ಹೋಗಿಬಿಟ್ಟೆ. ಈ ವಯಸ್ಸಿನಲ್ಲೂ ನನಗೆ ನಾಚಿಕೆ ಬಿಟ್ಟಿಲ್ಲ ನೋಡಿ. ಬಾಯಿ ಬಿಟ್ಟು ಹೇಳಲಾಗದ್ದನ್ನು ಬರೆದಾದರೂ ಹೇಳೋಣ ಅಂತ ಈಗ ಕೂತಿದ್ದೇನೆ. ನಿಮ್ಮ ತಾತ ಇದ್ದಿದ್ದರೆ ಇದನ್ನೆಲ್ಲ ಚೆಂದವಾಗಿ, ಒಂದಾದ ಮೇಲೆ ಒಂದು, ಹೇಳುತ್ತಿದ್ದರು. ನನಗೆ ಹಾಗೆ ಬರುವುದಿಲ್ಲ. ನೆನಪು ಎಲ್ಲಿ ಕರೆದರೆ ಅಲ್ಲಿಗೆ ಹೋಗುವವಳು ನಾನು.

ಜ್ವರ ಅಂದರೆ ನನಗೆ ಮೊದಲು ನೆನಪಾಗುವುದು ಬ್ರೆಡ್ಡು. ನಾನು ಹುಟ್ಟಿ ಬೆಳೆದದ್ದು ಕುಣಿಗಲ್ ಕಡೆಯ ಕೊತ್ತಗೆರೆಯಲ್ಲಿ. ಎಪ್ಪತ್ತರ ದಶಕದ ಶುರುವಿನಲ್ಲಿ ನಮ್ಮಂಥವರ ಮನೆಗಳಲ್ಲಿ ಬ್ರೆಡ್ಡು ತಿಂಡಿಯಾಗಿರಲಿಲ್ಲ, ಔಷಧಿಯಾಗಿತ್ತು. ಯಾರಿಗಾದರೂ ಜ್ವರ ಬಂದರೆ ಮಾತ್ರ ಅಪ್ಪ ಕುಣಿಗಲ್‌ನಿಂದ ತರುತ್ತಿದ್ದರು. ಅವ್ವ ಅದನ್ನು ಬಿಸಿ ಹಾಲಿನಲ್ಲಿ ಅದ್ದಿ ತಿನ್ನಿಸುತ್ತಿದ್ದಳು. ಜ್ವರ ಇಲ್ಲದ ಮಕ್ಕಳು ಸುತ್ತ ಕೂತು ಬಾಯಿ ಚಪ್ಪರಿಸಬೇಕು. ನನ್ನ ತಮ್ಮ ಒಂದು ದಿನ ಬಿಸಿಲಿಗೆ ಕಾದ ಬಂಡೆಯ ಮೇಲೆ ಹಣೆ ಇಟ್ಟು ಕಾಯಿಸಿಕೊಂಡು ಬಂದು, "ಅವ್ವಾ, ಮುಟ್ಟಿ ನೋಡು, ನಂಗೂ ಬಂದೈತೆ" ಅಂದ. ಅವ್ವ ಮುಟ್ಟಿ ನೋಡಿದಳು. "ಹೂಂ ಕಣಪ್ಪ, ಬಂದೈತೆ. ಇದು ಬಂಡೆ ಜ್ವರ. ಇದಕ್ಕೆ ಬ್ರೆಡ್ಡಲ್ಲ, ಪೊರಕೆ" ಅಂದಳು.

ಆ ಮನೆಯ ಸೂರಿನಲ್ಲಿ ಹೆಂಚುಗಳ ನಡುವೆ ಒಂದು ಗಾಜಿನ ಹೆಂಚಿತ್ತು. ಅದರಿಂದ ಇಳಿದ ಬೆಳಕಿನ ಬಿಲ್ಲೆ ಬೆಳಿಗ್ಗೆ ಬಾಗಿಲ ಹತ್ತಿರ ಇರುತ್ತಿತ್ತು. ಹೊತ್ತು ಏರಿದ ಹಾಗೆ ನಡುಮನೆ ದಾಟಿ ನನ್ನ ಚಾಪೆಯ ಮೇಲೆ ಬರುತ್ತಿತ್ತು. ಜ್ವರದ ಕಣ್ಣಿಗೆ ನಾನೆಲ್ಲೋ ಕೆರೆಯ ತಳದಲ್ಲಿ ಮಲಗಿದ್ದೇನೆ, ಮೇಲೆ ನೀರು ತೂಗುತ್ತಿದೆ ಅನ್ನಿಸುತ್ತಿತ್ತು. ಅವ್ವನ ಬಳೆಯ ಸದ್ದು ದಡದಿಂದ ಬಂದ ಹಾಗೆ ಕೇಳುತ್ತಿತ್ತು. ಜ್ವರದಿಂದ ಯಾರಿಗಾದರೂ ಏನಾದರೂ ಆಗಬಹುದು ಅನ್ನುವ ಯೋಚನೆಯೇ ಆಗ ಇರಲಿಲ್ಲ. ಬರುತ್ತಿತ್ತು, ಬ್ರೆಡ್ಡು ತಿನ್ನಿಸುತ್ತಿತ್ತು, ಹೋಗುತ್ತಿತ್ತು.

ಶಾಲೆಯನ್ನು ಏಳನೇ ತರಗತಿಯವರೆಗೆ ನೋಡಿದೆ. ಉತ್ತರಗಳೆಲ್ಲ ಗೊತ್ತಿರುತ್ತಿದ್ದವು. ಎದ್ದು ನಿಂತ ಕೂಡಲೇ ಮಾತ್ರ ಅವು ಗಂಟಲಿನಿಂದ ಜಾರಿ ಕಾಲಿನ ಹೆಬ್ಬೆರಳಿಗೆ ಇಳಿದುಬಿಡುತ್ತಿದ್ದವು. "ನೆಲಕ್ಕೆ ಪಾಠ ಒಪ್ಪಿಸಿದ್ದು ಸಾಕಮ್ಮ, ನನಗೂ ಸ್ವಲ್ಪ ಹೇಳು" ಅಂತ ಮೇಷ್ಟ್ರು ಅನ್ನುತ್ತಿದ್ದರು. ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು, ನಾನೂ ತಲೆ ತಗ್ಗಿಸಿಕೊಂಡೇ ನಗುತ್ತಿದ್ದೆ.

ಇಂಥವಳನ್ನು ಗುಬ್ಬಿ ಹತ್ತಿರದ ಒಂದು ಹಳ್ಳಿಗೆ ಕೊಟ್ಟರು. ನಿಮ್ಮ ತಾತನಿಗೆ ತುಮಕೂರಿನಲ್ಲಿ ಗುಮಾಸ್ತೆ ಕೆಲಸ. ಬೆಳಿಗ್ಗೆ ಸೈಕಲ್ಲಿನಲ್ಲಿ ಗುಬ್ಬಿ ಸ್ಟೇಷನ್ನಿಗೆ ಹೋಗಿ ರೈಲು ಹಿಡಿದರೆ ಮತ್ತೆ ಮುಖ ಕಾಣುತ್ತಿದ್ದುದು ದೀಪ ಹಚ್ಚಿದ ಮೇಲೆ. ಮಾವನವರು ತೆಂಗಿನ ತೋಟ, ಕೊಬ್ಬರಿ ಅಂತ ಮನೆಯಲ್ಲೇ ಇರುತ್ತಿದ್ದರು. ಅವರ ಎದುರಿಗೆ ನಾನು ನಿಂತು ಮಾತಾಡಿದವಳೇ ಅಲ್ಲ. ಬಾಗಿಲ ಹಿಂದೆ ನಿಂತು ಒಂದು ಸಲ ಬಳೆ ಆಡಿಸಿದರೆ ಊಟಕ್ಕೆ ಏಳಿ ಅಂತ, ಎರಡು ಸಲ ಆಡಿಸಿದರೆ ಯಾರೋ ಬಂದಿದ್ದಾರೆ ಅಂತ ಅರ್ಥ. ಒಂದು ಸಲ ನಾನು ಸುಮ್ಮನೆ ಕೈ ತುರಿಸಿಕೊಂಡಾಗಲೂ ಪಾಪ ಅವರು ಕೈ ತೊಳೆದು ಊಟಕ್ಕೆ ಬಂದು ಕೂತಿದ್ದರು.

ಆ ಮನೆಯಲ್ಲಿ ನನ್ನ ಪಾಲಿನ ಮಾತನ್ನೂ ಸೇರಿಸಿ ಆಡುತ್ತಿದ್ದವರು ನನ್ನ ಅತ್ತೆ, ಅಂದರೆ ನಿಮ್ಮ ಅಪ್ಪನ ಅಜ್ಜಿ. ಅವರಿಗೆ ಹಳೆಯ ಉಬ್ಬಸ, ಚಳಿ ಬಂದರೆ ಎದೆ ಸುಯ್ಯೆನ್ನುತ್ತಿತ್ತು. ಆದರೂ ಮಾತು ನಿಲ್ಲುತ್ತಿರಲಿಲ್ಲ. "ಲೇ ಗೌರಿ, ಬಾಯಿ ಬಿಟ್ರೆ ಮುತ್ತು ಉದುರೋಯ್ತವೆ ಅಂತ ಹೊಲ್ಕೊಂಡಿದೀಯೇನೇ?" ಅಂತ ಅಣಕಿಸುತ್ತಿದ್ದರು. ಆದರೆ ತವರು ನೆನಪಾಗಿ ನಾನು ಮೂಲೆ ಸೇರಿದ್ದು ಮೊದಲು ಗೊತ್ತಾಗುತ್ತಿದ್ದುದೂ ಅವರಿಗೇ. ಬಾಚಣಿಗೆ ಹಿಡಿದು ಬಂದು ಹಿಂದೆ ಕೂರುತ್ತಿದ್ದರು. "ನಿಮ್ಮವ್ವಾನೂ ಈಗ ಅಳ್ತಾ ಕೂತಿರ್ತಾಳೆ. ಇಬ್ರೂ ಅತ್ರೆ ಒಲೆ ಮೇಲಿನ ಹಾಲು ಯಾರೇ ನೋಡ್ತಾರೆ?" ಅನ್ನುತ್ತಿದ್ದರು. ಆ ಮನೆಯಲ್ಲಿ ನಾನು ತಲೆ ಎತ್ತಿ ಪೂರಾ ಮಾತಾಡುತ್ತಿದ್ದದ್ದು ಅವರೊಬ್ಬರ ಹತ್ತಿರ. ನಿಮ್ಮ ತಾತನ ಹತ್ತಿರ ಕೂಡ ಆಗಿನ್ನೂ ಅರ್ಧ ಮಾತೇ.

ಕೊಬ್ಬರಿಯ ಕೆಲಸ ಕಲಿಸಿದವರೂ ಅತ್ತೆಯೇ. ನಮ್ಮ ಕಡೆ ಕಾಯಿ ಒಡೆದು ಬಿಸಿಲಿಗೆ ಹಾಕುವುದಿಲ್ಲ. ಇಡೀ ಕಾಯಿಯನ್ನು ಅಟ್ಟದ ಮೇಲೆ ಹರಡಿ ತಿಂಗಳುಗಟ್ಟಲೆ ಬಿಟ್ಟುಬಿಡುತ್ತೇವೆ. ಒಳಗಿನ ನೀರು ನಿಧಾನವಾಗಿ ಆರಿ, ತಿರುಳು ಚಿಪ್ಪು ಬಿಟ್ಟು ಗುಂಡಗೆ ಗಿಟುಕು ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು.

"ಕಣ್ಣು ಮುಚ್ಕೊಂಡು ಕೇಳು. ಏನಂತದೆ?"

"ಗಡಗಡ ಅಂತದೆ ಅತ್ತೆ."

"ಅದು ಆಗೈತೆ. ಇದು?"

"ಏನೋ... ಬುಳುಬುಳು."

"ಒಳಗೆ ನೀರೈತೆ. ಮೇಲೆ ಒಣಗಿದಂಗೆ ಕಾಣ್ತದೆ ಅಂತ ಒಡೆದ್ಯೋ, ಹಾಳು. ಕಣ್ಣನ್ನ ನಂಬಬ್ಯಾಡ, ಕಿವೀನ ನಂಬು."

ಕೆಲಸ ಮುಗಿದ ಮಧ್ಯಾಹ್ನಗಳಲ್ಲಿ, ಆಗಿನ್ನೂ ಕೂಸಾಗಿದ್ದ ನಿಮ್ಮ ಅಪ್ಪನನ್ನು ಮಗ್ಗುಲಿಗೆ ಹಾಕಿಕೊಂಡು ಅಟ್ಟದ ಕೆಳಗೆ ಮಲಗುತ್ತಿದ್ದೆ. ಇಲಿಯೋ ಗಾಳಿಯೋ ಓಡಿ ಮೇಲೆ ಯಾವುದೋ ಒಂದು ಕಾಯಿ ಉರುಳುತ್ತಿತ್ತು. ಅದು ತಗಲಿ ಇನ್ನೊಂದು, ಅದು ತಗಲಿ ಮತ್ತೊಂದು. ನಿದ್ದೆ ಎಲ್ಲಿ ಮುಗಿಯಿತು, ಆ ಸದ್ದು ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ.

ಎಂಬತ್ತರ ದಶಕದ ಶುರುವಿನ ಒಂದು ಚಳಿಗಾಲದಲ್ಲಿ ಆ ಜ್ವರ ಬಂತು. ಡಾಕ್ಟರುಗಳು ಫ್ಲೂ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಸುತ್ತಾಡೋ ಜ್ವರ ಅಂತಿದ್ದರು, ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಹಿಡಿಯುತ್ತಿದ್ದರಿಂದ. ಮೊದಲು ಮಾವನವರು ಗುಬ್ಬಿ ಸಂತೆಯಿಂದ ಸೀನುತ್ತಾ ಬಂದರು. ಆಮೇಲೆ ನಿಮ್ಮ ತಾತ. ಆಮೇಲೆ ನಾನು, ನನ್ನ ಸೆರಗಿಗೇ ಅಂಟಿಕೊಂಡಿದ್ದ ನಿಮ್ಮ ಅಪ್ಪ. ಹಠಾತ್ತನೆ ಚಳಿ, ಕೆಂಡದಂಥ ಮೈ, ಬೆನ್ನು ಕೈಕಾಲನ್ನು ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ ನೋವು. ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಕಂಬಳಿ ಹೊದ್ದು ಮಲಗಿದ್ದೆವು. ಅತ್ತೆ ಒಬ್ಬರೇ ನೆಟ್ಟಗೆ ನಿಂತಿದ್ದವರು. ಶುಂಠಿ ಮೆಣಸಿನ ಕಷಾಯದ ಚೊಂಬು ಹಿಡಿದು ಸಾಲಿನ ಆ ತುದಿಯಿಂದ ಈ ತುದಿಗೆ ಬೈದುಕೊಂಡು ಓಡಾಡುತ್ತಿದ್ದರು. "ಮದುವೆ ಮನೆ ಪಂಕ್ತಿ ಆಗೋಯ್ತಲ್ಲಪ್ಪ ಇದು! ಯಾರಿಗೆ ಇನ್ನೊಂದು ಸೌಟು?" ಜ್ವರದ ಮಂಪರಿನಲ್ಲಿ ಅವರ ಸೀರೆಯ ಅಂಚು ಹೋಗುತ್ತಾ ಬರುತ್ತಾ ಇತ್ತು. ಅದು ಕಾಣುತ್ತಿರುವವರೆಗೆ ಏನೂ ಭಯವಿಲ್ಲ ಅನ್ನಿಸುತ್ತಿತ್ತು.

ಒಂದು ವಾರದೊಳಗೆ ಒಬ್ಬೊಬ್ಬರಾಗಿ ಎದ್ದೆವು. ಎದ್ದವರಿಗೆ ಅತ್ತೆ ಹಂಡೆಯ ಬಿಸಿನೀರಿನಲ್ಲಿ ತಲೆಗೆ ನೀರು ಹಾಕಿ, ಕೂದಲಿಗೆ ಸಾಂಬ್ರಾಣಿ ಹೊಗೆ ಕೊಟ್ಟು, ಮೆಣಸಿನ ಸಾರು ಅನ್ನ ಬಡಿಸುತ್ತಿದ್ದರು. ಇದು ಎಲ್ಲರ ಮನೆಯಲ್ಲೂ ಇದ್ದದ್ದೇ. ನಮ್ಮತ್ತೆಯ ಮನೆಯಲ್ಲಿ ಮಾತ್ರ ಇನ್ನೊಂದು ಕಟ್ಟುಪಾಡು ಇತ್ತು. ನೀರು ಹಾಕಿದ ಮೇಲೆ ಆ ಮನೆಯಲ್ಲಿ ಜ್ವರ ಅನ್ನುವ ಮಾತನ್ನು ಆಡಬಾರದು. ಆಡಿದರೆ ಹೊಸಿಲು ದಾಟಿ ಹೋದದ್ದು ಹೆಸರು ಕೇಳಿ ತಿರುಗಿ ಬರುತ್ತದಂತೆ. ಅವರ ಅತ್ತೆಯಿಂದ ಅವರಿಗೆ ಬಂದ ಕಟ್ಟು ಅದು. ಯಾರೂ ಮೀರಿದ್ದಿಲ್ಲ.

ಎಲ್ಲರನ್ನೂ ಎಬ್ಬಿಸಿ ಕೂರಿಸಿದ ಮೇಲೆ ಜ್ವರ ಅತ್ತೆಯನ್ನು ಹಿಡಿಯಿತು. ಬಿಟ್ಟಿತೂ ಕೂಡ. ಮೈ ತಣ್ಣಗಾದ ದಿನವೇ, "ಹಾಕೇ ನೀರ" ಅಂತ ತಾವೇ ಬಚ್ಚಲಿಗೆ ಹೋಗಿ ಕೂತರು. ನಾನೇ ನೀರು ಹಾಕಿದೆ. ಸಾರು ಅನ್ನ ಉಂಡರು, ಒಂದೆರಡು ದಿನ ಚೆನ್ನಾಗಿದ್ದರು. ಆಮೇಲೆ ಒಂದು ಬೆಳಿಗ್ಗೆ ಏಳಲಿಲ್ಲ.

"ಯಾಕೋ ಮೈ ಭಾರ" ಅಂದರು ಅತ್ತೆ.

ಮುಟ್ಟಿದರೆ ಸುಡುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಕಣ್ಣಿನಲ್ಲೇ ಗದರಿದರು. ನಿಮ್ಮ ತಾತ ರೈಲಿಗೆ ಹೊರಡುವ ಮುಂಚೆ ಹಣೆ ಮುಟ್ಟಿ, "ಸ್ವಲ್ಪ ಬೆಚ್ಚಗಿದೆ, ಹೊದ್ದು ಮಲಗಿದ್ದರಲ್ಲ, ಅದಕ್ಕೆ" ಅಂದರು. ಮಾವನವರು, "ಚಳಿಗೆ ಒಲೆ ಮುಂದೆ ಜಾಸ್ತಿ ಹೊತ್ತು ಕೂತಿದ್ಲು, ಕಾವು ಹಿಡಿದೈತೆ" ಅಂದರು. ಪಕ್ಕದ ಮನೆಯವರು ಬಂದು, "ಉಬ್ಬಸ ಅಲ್ವಾ, ಹಂಗೇ" ಅಂದು ಹೋದರು. ಎಲ್ಲರೂ ಆ ಒಂದು ಮಾತಿನ ಸುತ್ತ, ಹಸಿ ಸಗಣಿ ಸಾರಿಸಿದ ನೆಲವನ್ನು ದಾಟುವವರ ಹಾಗೆ, ಓರೆಯಲ್ಲಿ ಹೆಜ್ಜೆ ಇಟ್ಟು ನಡೆಯುತ್ತಿದ್ದೆವು. ಅತ್ತೆಯೂ ಹಾಗೇ. ಮಾತು ಮಾತ್ರ ತುಂಡಾಗುತ್ತಾ ಬಂತು. "ಗೌರಿ" ಅಂದು ಉಸಿರು ತೆಗೆದುಕೊಳ್ಳುವರು. "ನೀರು" ಅಂದು ಮತ್ತೆ ಉಸಿರು. ಕೆಮ್ಮಿದರೆ ಪಕ್ಕೆ ಹಿಡಿದುಕೊಳ್ಳುವರು.

ಆ ಮಧ್ಯಾಹ್ನ ಕರ್ಪೂರ ಹಾಕಿದ ಎಣ್ಣೆ ಬಿಸಿ ಮಾಡಿ ಅವರ ಬೆನ್ನು ತಿಕ್ಕುತ್ತಿದ್ದೆ. ನಿಮ್ಮ ಅಪ್ಪ ನಿದ್ದೆ ಮಾಡುತ್ತಿದ್ದ. ಮನೆ ಎಷ್ಟು ಸುಮ್ಮನಿತ್ತು ಅಂದರೆ ಅಟ್ಟದ ಮೇಲೆ ಕಾಯಿ ಉರುಳಿದ್ದು ಸ್ಪಷ್ಟ ಕೇಳಿಸಿತು. ಆ ಸದ್ದಿಗೋ ಏನೋ, ನನಗೇ ಗೊತ್ತಿಲ್ಲದ ಹಾಗೆ ತಲೆ ಬಾಗಿಸಿ ಅವರ ಬೆನ್ನಿಗೆ ಕಿವಿ ಇಟ್ಟೆ. ಕಣ್ಣು ಮುಚ್ಚಿದೆ. ಎಡಗಡೆ ಉಬ್ಬಸದ ಹಳೇ ಸಿಳ್ಳೆ ಇತ್ತು, ಅದು ನನಗೆ ಗೊತ್ತಿದ್ದದ್ದೇ. ಬಲಗಡೆ ಕೆಳಗೆ ಮಾತ್ರ ಬೇರೆ ಸದ್ದು. ಒಂದೊಂದು ಉಸಿರಿಗೂ ಏನೋ ಪುಟ್ಟ ಪುಟ್ಟದಾಗಿ, ಒದ್ದೆಯಾಗಿ ಒಡೆಯುತ್ತಿತ್ತು.

ನಾನು ಎದ್ದು ಹೊರಗೆ ಹೋದೆ. ಮಾವನವರು ಜಗಲಿಯಲ್ಲಿ ಕಾಯಿ ಆರಿಸುತ್ತಾ ಕೂತಿದ್ದರು. ಬಾಗಿಲ ಹಿಂದೆ ನಿಲ್ಲಬೇಕು, ಬಳೆ ಆಡಿಸಬೇಕು ಅನ್ನುವುದೆಲ್ಲ ಮರೆತುಹೋಗಿತ್ತು. ಅವರ ಎದುರಿಗೇ ಹೋಗಿ ನಿಂತೆ.

"ಮಾವ, ಅತ್ತೆಗೆ ಜ್ವರ ಮತ್ತೆ ಬಂದೈತೆ."

ಅವರ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. "ಶ್! ಏನಮ್ಮಾ ನೀನು... ನೀರು ಹಾಕಾಗೈತೆ ಕಣಮ್ಮ."

"ನಾವು ನೀರು ಹಾಕಿದ್ದು ಮೇಲೆ ಮಾವ. ಅವರ ಒಳಗೇ ನೀರೈತೆ. ಬಂದು ನೀವೇ ಕೇಳಿ."

ಅವರು ನನ್ನ ಮುಖ ನೋಡಿದರು. ಅದಕ್ಕೂ ಮುಂಚೆ ಅವರು ನನ್ನ ಮುಖ ಸರಿಯಾಗಿ ನೋಡಿದ್ದರೋ ಇಲ್ಲವೋ. ಎದ್ದು ಒಳಗೆ ಬಂದರು. ಸೊಸೆ ಎದುರಿಗಿದ್ದಾಳೆ ಅಂತ ಒಂದು ಕ್ಷಣ ಹಿಂಜರಿದು, ಆಮೇಲೆ ಮೊಣಕಾಲೂರಿ, ಹೆಂಡತಿಯ ಬೆನ್ನಿಗೆ ಕಿವಿ ಇಟ್ಟರು. ಜೀವಮಾನವೆಲ್ಲ ಕಾಯಿಯೊಳಗಿನ ಸದ್ದು ಕೇಳಿದ ಕಿವಿ ಅದು. ಅತ್ತೆ, "ಥೂ, ನಾಚಿಕೆ..." ಅಂದರು, ಮುಂದಕ್ಕೆ ಉಸಿರು ಸಾಲಲಿಲ್ಲ. ಮಾವನವರು ತಲೆ ಎತ್ತಿದಾಗ ಅವರ ಬಣ್ಣವೇ ಬೇರೆಯಾಗಿತ್ತು. "ಗಾಡಿ ಕಟ್ತೀನಿ" ಅಂದು ಹೊರಗೆ ಓಡಿದರು.

ಗುಬ್ಬಿಯ ಡಾಕ್ಟರು ಕೊಳವೆ ಇಟ್ಟು ಕೇಳಿದವರೇ ಕೂರಲೂ ಬಿಡಲಿಲ್ಲ. ಒಂದು ಇಂಜೆಕ್ಷನ್ ಕೊಟ್ಟು, ಬಾಡಿಗೆ ಕಾರು ತರಿಸಿ ತುಮಕೂರಿಗೆ ಕಳಿಸಿದರು. ದಾರಿಯುದ್ದಕ್ಕೂ ಅತ್ತೆಯ ತಲೆ ನನ್ನ ಎದೆಗೆ ಒರಗಿತ್ತು. ತುಟಿ ನೇರಳೆ ಹಣ್ಣು ತಿಂದ ಮಕ್ಕಳ ತುಟಿಯ ಹಾಗೆ ಕಾಣುತ್ತಿತ್ತು. ಸಂಜೆ ಬಿಸಿಲಿನಲ್ಲಿ ತೆಂಗಿನ ಮರಗಳು ಒಂದಾದ ಮೇಲೊಂದು ಹಿಂದಕ್ಕೆ ಹೋಗುತ್ತಿದ್ದವು. ನಾನು ಅವುಗಳನ್ನು ನೋಡುತ್ತಾ, ಇವರಿಲ್ಲದಿದ್ದರೆ ನಾನು ಯಾರ ಹತ್ತಿರ ಮಾತಾಡಲಿ ಅಂತ ಅದೊಂದನ್ನೇ ಯೋಚಿಸುತ್ತಿದ್ದೆ.

ತುಮಕೂರಿನ ಆಸ್ಪತ್ರೆಯಲ್ಲಿ ಒಬ್ಬರು ಲೇಡಿ ಡಾಕ್ಟರಿದ್ದರು. ಎಕ್ಸ್‌ರೇ ತೆಗೆಸಿ, ಆಕ್ಸಿಜನ್ ಇಟ್ಟು, ನಮ್ಮನ್ನು ವರಾಂಡಕ್ಕೆ ಕರೆದು ಹೇಳಿದರು. ನಿಮ್ಮ ತಾತ ಆಫೀಸಿನಿಂದ ಓಡಿ ಬಂದಿದ್ದರು. ಡಾಕ್ಟರು ಹೇಳಿದ್ದನ್ನು ನನಗೆ ನೆನಪಿರುವ ಹಾಗೆ ಬರೆಯುತ್ತೇನೆ, ನಿಮಗೂ ಮುಂದೆ ಬೇಕಾಗುತ್ತದೆ.

"ಫ್ಲೂ ಬಂದವರಲ್ಲಿ ಹೆಚ್ಚಿನವರು ನಿಮ್ಮ ಹಾಗೇ ಒಂದು ವಾರ ಮಲಗಿ ಎದ್ದುಬಿಡ್ತಾರೆ. ಕೆಮ್ಮು, ಸುಸ್ತು ಇನ್ನೂ ಸ್ವಲ್ಪ ದಿನ ಇರುತ್ತೆ, ಅಷ್ಟೆ. ಆದರೆ ವಯಸ್ಸಾದವರು, ಕೂಸುಗಳು, ಬಸುರಿಯರು, ಇವರ ಹಾಗೆ ಉಬ್ಬಸ ಇರೋರು, ಇವರಲ್ಲಿ ಫ್ಲೂ ಹೋಗುವಾಗ ಬಾಗಿಲು ತೆರೆದಿಟ್ಟು ಹೋಗಿಬಿಡಬಹುದು. ಹಿಂದೆಯೇ ಇನ್ನೊಂದು ಕಾಯಿಲೆ ನುಗ್ಗುತ್ತೆ. ಇವರಿಗೆ ನ್ಯುಮೋನಿಯಾ ಆಗಿದೆ. ಜ್ವರ ಬಿಟ್ಟು ಮತ್ತೆ ಬಂದರೆ, ಉಸಿರು ಕಟ್ಟಿದರೆ, ಪಕ್ಕೆ ನೋವು ಬಂದರೆ, ಆವತ್ತೇ ಕರಕೊಂಡು ಬರಬೇಕು."

"ತಲೆಗೆ ನೀರು ಹಾಕಿದ್ದಕ್ಕೆ ಹಿಂಗಾಯ್ತಾ?" ಅಂತ ಮಾವನವರು ಕೇಳಿದರು.

"ನೀರಿಂದ ಬಂದದ್ದಲ್ಲ ಯಜಮಾನರೇ. ಆದರೆ ನೀರು ಹಾಕಿದೀವಿ, ಇನ್ನು ಕಾಯಿಲೆ ಇಲ್ಲ ಅಂತ ಕೂರಬಾರದು."

"ಉಳೀತಾರಾ?" ಅಂತ ಕೇಳಿದ್ದು ನಾನು. ನಿಮ್ಮ ತಾತ ತಿರುಗಿ ನೋಡಿದರು.

"ಔಷಧಿ ಹಿಡೀಬೇಕಮ್ಮ. ಒಂದೆರಡು ದಿನ ನೋಡೋಣ. ಹಿಡಿದರೆ ಉಳೀತಾರೆ. ಆದರೆ ಮೊದಲಿನ ಶಕ್ತಿ ಬರೋಕೆ ತಿಂಗಳುಗಳೇ ಬೇಕು, ಅವಸರ ಮಾಡಬೇಡಿ. ಈಗ ದಿಂಬು ಒರಗಿಸಿ ಕೂರಿಸಿರಿ. ಮಾತಾಡೋಕೆ ಬಿಡಬೇಡಿ, ಇರೋ ಉಸಿರನ್ನ ಮಾತಿಗೆ ಖರ್ಚು ಮಾಡ್ತಾರೆ. ಗಾಬರಿಯಾದರೆ ಉಸಿರು ಇನ್ನೂ ಜಾಸ್ತಿ ಓಡುತ್ತೆ. ಯಾರಾದರೂ ಪಕ್ಕದಲ್ಲಿ ಕೂತು ಸಮಾಧಾನವಾಗಿ ಮಾತಾಡ್ತಿರಿ."

ಯಾರಾದರೂ ಅಂದರೆ ಯಾರು? ಹೆಂಗಸರ ವಾರ್ಡು, ಗಂಡಸರನ್ನು ಒಳಗೆ ಕೂರಿಸುತ್ತಿರಲಿಲ್ಲ. ನಿಮ್ಮ ಅಪ್ಪನನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ಅತ್ತೆಯ ಮಂಚದ ಪಕ್ಕ ಸ್ಟೂಲಿನ ಮೇಲೆ ನಾನೇ ಕೂತೆ. ಅವರ ಕಣ್ಣುಗಳು ಭಯದಲ್ಲಿ ಅಗಲವಾಗಿ ನನ್ನನ್ನೇ ನೋಡುತ್ತಿದ್ದವು. ಬಾಯಿ ತೆರೆದೆ. ಏನು ಹೇಳಬೇಕೋ ಗೊತ್ತಾಗದೆ, "ಅತ್ತೆ, ನಮ್ಮ ಕೊತ್ತಗೆರೆಯಲ್ಲಿ ಬ್ರೆಡ್ಡು..." ಅಂತ ಶುರು ಮಾಡಿದೆ.

ಶುರು ಮಾಡಿದ್ದೇ ತಪ್ಪಾಯಿತು ನೋಡಿ, ನಿಲ್ಲಿಸಲು ಬರಲಿಲ್ಲ. ತಮ್ಮನ ಬಂಡೆ ಜ್ವರ, ಮೇಷ್ಟ್ರು, ಬೆಳಕಿನ ಬಿಲ್ಲೆ, ಹುತ್ರಿದುರ್ಗದ ಬೆಟ್ಟ ಹತ್ತುವಾಗ ಹರಿದ ಲಂಗ, ಮದುವೆಯ ದಿನ ಅತ್ತೆಯನ್ನು ಮೊದಲ ಸಲ ನೋಡಿ ಹೆದರಿ ತಾಳಿ ಕಟ್ಟುವಾಗ ಬಿಕ್ಕಳಿಕೆ ಬಂದದ್ದು. ಹುಟ್ಟಿದಂದಿನಿಂದ ಹೆಬ್ಬೆರಳಿಗೆ ಇಳಿದಿದ್ದ ಮಾತುಗಳೆಲ್ಲ ಮೇಲೆ ಹತ್ತಿ ಬಂದವು. ಕಿಟಕಿಯಾಚೆ ಹೊತ್ತು ಏರುತ್ತಿತ್ತು, ಇಳಿಯುತ್ತಿತ್ತು. ನರ್ಸು ಬಂದು ಇಂಜೆಕ್ಷನ್ ಕೊಟ್ಟು ಹೋಗುತ್ತಿದ್ದಳು. ಮಾತಿನ ಮಧ್ಯೆ ನಾನೇ ತೂಕಡಿಸುತ್ತಿದ್ದೆ. ಎಚ್ಚರವಾದಾಗ ಯಾವುದು ಹೇಳಿದೆ, ಯಾವುದು ಕನಸು ಕಂಡೆ ತಿಳಿಯದೆ ಮತ್ತೆ ಎಲ್ಲಿಂದಲೋ ಹಿಡಿದು ಹೇಳುತ್ತಿದ್ದೆ. ಅತ್ತೆ ಕೇಳುತ್ತಿದ್ದರೋ ಇಲ್ಲವೋ. ಕೈ ಮಾತ್ರ ನನ್ನ ಸೆರಗನ್ನು ಹಿಡಿದಿತ್ತು.

ಒಂದು ಬೆಳಿಗ್ಗೆ ಅವರ ಹಣೆಯ ಮೇಲೆ ಬೆವರು ಮುತ್ತುಗಟ್ಟಿತ್ತು. ನಾನು ಒರೆಸುತ್ತಾ, ಮೇಷ್ಟ್ರ ಕಥೆಯನ್ನು ಇನ್ನೊಂದು ಸಲ ತೆಗೆದೆ.

"ಸಾಕು ಬುಡೇ ಗೌರಿ, ಆ ಮೇಷ್ಟ್ರ ಕಥೆ ಕೇಳೀ ಕೇಳೀ ನನ್ನ ತಲೆ ಚಿಟ್ಟು ಹಿಡಿದೋಯ್ತು" ಅಂದರು ಅತ್ತೆ. ಒಂದೇ ಉಸಿರಿನಲ್ಲಿ.

ನಾನು ವಾರ್ಡಿನಿಂದ ವರಾಂಡಕ್ಕೆ ಓಡಿದೆ. ಬೆಂಚಿನ ಮೇಲೆ ಮಾವನವರು, ನಿಮ್ಮ ತಾತ ಇಬ್ಬರೂ ಗೋಡೆಗೆ ಒರಗಿ ಕೂತಿದ್ದರು. "ಬೈದರು" ಅಂದೆ. ಮಾವನವರಿಗೆ ಅಷ್ಟೇ ಸಾಕಾಯಿತು. ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡರು.

ಊರಿಗೆ ಕರೆದುಕೊಂಡು ಬಂದ ಮೇಲೆ ಡಾಕ್ಟರು ಹೇಳಿದ ಹಾಗೇ ಆಯಿತು. ಶಕ್ತಿ ಬರುವುದಕ್ಕೆ ತಿಂಗಳುಗಳೇ ಬೇಕಾದವು. ಬಚ್ಚಲಿಗೆ ಹೋಗಿ ಬಂದರೆ ಅರ್ಧ ದಿನ ಮಲಗುತ್ತಿದ್ದರು. ಸಾರಿಗೆ ರುಚಿಯಿಲ್ಲ ಅಂತ ನನ್ನನ್ನು ಬೈಯುತ್ತಿದ್ದರು, ಅದೂ ಪಿಸುಮಾತಿನಲ್ಲಿ. ನಾನು ಬಗ್ಗಿ ಕಿವಿ ಕೊಟ್ಟು ಬೈಸಿಕೊಳ್ಳಬೇಕಿತ್ತು. ಬರಬರುತ್ತಾ ಆ ದನಿ ಕೋಣೆಯಿಂದ ಅಡುಗೆಮನೆಗೆ ಮುಟ್ಟಿತು. ಸಂಕ್ರಾಂತಿಯ ಹೊತ್ತಿಗೆ ಹಿತ್ತಿಲ ಬಾವಿಯವರೆಗೆ ಬಂತು.

ಬೇಸಿಗೆ ಶುರುವಾಗಿತ್ತು. ಒಂದು ಸಂಜೆ ನಾನು ತೋಟದ ಕೊನೆಯ ಸಾಲಿನಲ್ಲಿ ಬಿದ್ದ ಕಾಯಿ ಆಯುತ್ತಿದ್ದೆ. ಗರಿಗಳ ನಡುವೆ ಬಿಸಿಲು ಹಳದಿಯಾಗಿ ಇಳಿಯುತ್ತಿತ್ತು. ಅಷ್ಟು ದೂರದ ಮನೆಯ ಕಡೆಯಿಂದ ಕೇಳಿಸಿತು, "ಲೇ ಗೌರೀ! ಎಲ್ಲಿ ಹಾಳಾಗೋದ್ಯೇ!"

"ಬಂದೆ ಅತ್ತೆ" ಅನ್ನಲು ಬಾಯಿ ತೆರೆದವಳು ಹಾಗೇ ನಿಂತೆ. ಇನ್ನೊಂದು ಸಲ ಕೂಗಲಿ ಅಂತ ಕಾದೆ.